ಭಂಡಾರಕ್ಕೆ ಕಟ್ಟುಬಿದ್ದವನು

ಜಮಖಂಡಿಯ ಬಜಾರಿನಲ್ಲಿ ನನ್ನ ಅಂಗಡಿಯ ಎದುರಿಗಿರುವ ಲೈಟಿನ ಕಂಬಕ್ಕೆ ಹೋದ ವಾರ ಒಂದು ಫ್ಲೆಕ್ಸ್ ಕಟ್ಟಿದ್ದಾರೆ. ಅದನ್ನು ಕಂಡಾಗಿನಿಂದ ನನ್ನ ತಲೆ ಕೆಟ್ಟುಹೋಗಿದೆ. ಮೇಲೆ ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದಿದೆ. ಕೆಳಗೆ ‘ನಮ್ಮ ಮನೆತನದ ನಿಷ್ಠಾವಂತ ಸೇವಕ, ಎಲ್ಲರ ಅಚ್ಚುಮೆಚ್ಚಿನ ಹುಡುಗ’ ಎಂದಿದೆ. ನಡುವೆ ಒಂದು ಫೋಟೋ. ಯಾವುದೋ ಮದುವೆಯ ಗುಂಪಿನಿಂದ ಕತ್ತರಿಸಿ ತೆಗೆದದ್ದು. ಕೈಯಲ್ಲಿ ನೀರಿನ ಜಗ್ಗು ಹಾಗೇ ಉಳಿದಿದೆ. ಸತ್ತ ಮೇಲಾದರೂ ಅವನ ಕೈಯಿಂದ ಆ ಜಗ್ಗು ಇಳಿಸಬಾರದಿತ್ತೇ?

ಆ ‘ಹುಡುಗ’ನಿಗೆ ಸಾಯುವಾಗ ಎಪ್ಪತ್ತರ ಹತ್ತಿರ ವಯಸ್ಸು. ಮೀಸೆ, ಹುಬ್ಬು ಎಲ್ಲ ಬೆಳ್ಳಗಾಗಿದ್ದವು. ಹೆಸರು ಮಾತ್ರ ಫ್ಲೆಕ್ಸಿನಲ್ಲಿ ಎಲ್ಲೂ ಇಲ್ಲ. ಕಟ್ಟಿಸಿದವನನ್ನು ಹಿಡಿದು ನಿಲ್ಲಿಸಿ ಕೇಳಿದೆ.

“ಹೆಸರ ಹಾಕಿದ್ರ ಯಾರಂತ ತಿಳಿಯೂದಿಲ್ಲ ಕಾಕಾ. ಹುಡುಗ ಅಂದ್ರ ಇಡೀ ಊರಿಗೆ ಗೊತ್ತಾಕ್ಕೈತಿ,” ಅಂದ.

ಇಂಥವರಿಗೆ ಏನು ಹೇಳುತ್ತೀರಿ? ಅವನು ಹೇಳಿದ್ದು ಸುಳ್ಳಲ್ಲ ಎನ್ನುವುದೇ ನನಗೆ ಇನ್ನಷ್ಟು ಉರಿ ಹತ್ತಿಸಿತು. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಆದರೆ ಅವನ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ. ಯಾಕೆ ಎಂಬುದನ್ನು ಕಡೆಗೆ ಹೇಳುತ್ತೇನೆ.

ನಾನು ಫೋಟೋಗಳಿಗೆ ಕಟ್ಟು ಹಾಕುವವನು. ಗಾಜು, ಕಟ್ಟಿಗೆ ಪಟ್ಟಿ, ಸಣ್ಣ ಮೊಳೆ, ಇಷ್ಟರಲ್ಲೇ ನನ್ನ ಜೀವನ ಕಳೆದಿದೆ. ನನ್ನ ಅಂಗಡಿಗೆ ಹತ್ತಿದ ಗೋಡೆಯ ಆಚೆಗೆ ಪೇಂಟರ್ ಮಾಲಕರ ಸ್ಟುಡಿಯೋ ಇತ್ತು. ಮುಧೋಳ, ಬೀಳಗಿ, ರಬಕವಿ, ಬನಹಟ್ಟಿ, ಸುತ್ತ ಎಲ್ಲಿ ನಾಟಕವಾದರೂ ರಂಗದ ಹಿಂದೆ ತೂಗುವ ಪರದೆಗಳು ಇಲ್ಲಿಂದಲೇ ಹೋಗುತ್ತಿದ್ದವು. ಅರಮನೆಯ ಪರದೆ, ಬೀದಿಯ ಪರದೆ, ಕಾಡಿನ ಪರದೆ. ಅದರ ಜೊತೆಗೆ ಸತ್ತ ಹಿರಿಯರ ಚಿತ್ರಗಳು. ಮಸುಕಾದ ಹಳೆಯ ಫೋಟೋ ಕೊಟ್ಟರೆ ಎಣ್ಣೆಬಣ್ಣದಲ್ಲಿ ದೊಡ್ಡ ಚಿತ್ರ ಮಾಡಿಕೊಡುತ್ತಿದ್ದರು, ಅದಕ್ಕೆ ಕಟ್ಟು ನಾನು ಹಾಕುತ್ತಿದ್ದೆ. ಮಾಲಕರು ಬಲು ರುಬಾಬಿನ ಮನುಷ್ಯ. ಬೆಳ್ಳನೆಯ ಧೋತರ, ಕಿವಿಯ ಸಂದಿಯಲ್ಲಿ ಒಂದು ಕುಂಚ. ಆ ಕುಂಚಕ್ಕೆ ಬಣ್ಣ ಹತ್ತಿದ್ದನ್ನು ನಾನು ಬಹಳ ಸಲ ನೋಡಿಲ್ಲ. ಬಣ್ಣ ಹತ್ತುತ್ತಿದ್ದದ್ದು ಹುಡುಗನ ಕುಂಚಕ್ಕೆ.

ಅವನು ಆ ಮನೆಗೆ ಬಂದ ಕತೆಯನ್ನು ಮಾಲಕರು ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು, ಅದೂ ಅವನ ಎದುರಿಗೇ. ಕುರಿ ಕಾಯುವ ಒಂದು ಸಂಸಾರ ಹೊಳೆಯ ಕಡೆಯಿಂದ ಕುರಿ ಹೊಡೆದುಕೊಂಡು ಹೋಗುವಾಗ ಕೂಸಿಗೆ ಜ್ವರ ಬಂತಂತೆ. ಐದಾರು ವರ್ಷದ ಕೂಸು, ಕಣ್ಣು ಮೇಲೆ ಮಾಡಿತ್ತಂತೆ. ಮಾಲಕರ ಹೆಂಡತಿ, ನಾವೆಲ್ಲ ಅವರನ್ನು ವೈನಿ ಅನ್ನುತ್ತಿದ್ದೆವು, ಅದನ್ನು ಒಳಗೆ ಎತ್ತಿಕೊಂಡು ಹೋದರು. ಕುರಿಗಳಿಗೆ ಮೇವು ಇಲ್ಲದ ಕಡೆ ನಿಲ್ಲಲು ಬರುವುದಿಲ್ಲ. ಸಂಸಾರ ಮುಂದೆ ಹೋಯಿತು. ಮರುವರ್ಷ ಅಪ್ಪ ತಿರುಗಿ ಬಂದಾಗ ಮಗ ಅಂಗಳದಲ್ಲಿ ಓಡಾಡುತ್ತಿದ್ದ. ಅಪ್ಪ ಬೀರೇಶ್ವರನ ಒಕ್ಕಲು. ಸೊಂಟದ ಚೀಲದಿಂದ ಭಂಡಾರ, ಅಂದರೆ ದೇವರ ಅರಿಷಿಣ ಪುಡಿ, ತೆಗೆದು ಕೊಟ್ಟು, “ಉಳಿಸಿದವರು ನೀವು. ಇನ್ನ ಇಂವ ನಿಮ್ಮಂವ,” ಅಂದು ಕುರಿಯ ಹಿಂದೆ ಹೊರಟುಹೋದ. ಅವರಲ್ಲಿ ಭಂಡಾರ ಹಿಡಿದು ಮಾತಾಡಿದರೆ ಮುಗಿಯಿತು, ಯಾವ ಕೋರ್ಟು ಬಂದರೂ ಆ ಮಾತನ್ನು ಬಿಡಿಸಲಾರದು.

“ಹಿಂಗ ಬಂದದ್ದು ಈ ಸೊತ್ತು,” ಎಂದು ಮಾಲಕರು ಅವನ ಬೆನ್ನು ತಟ್ಟುತ್ತಿದ್ದರು. ಗಿರಾಕಿಗಳು ನಗುತ್ತಿದ್ದರು. ಅವನೂ ನಗುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಸೊತ್ತೇ ಸರಿ. ಕೂಲಿ ಇಲ್ಲ, ಸೂಟಿ ಇಲ್ಲ, ದೀಪಾವಳಿಗೆ ಒಂದು ಅಂಗಿ. ಊಟ ಎಲ್ಲರದೂ ಆದ ಮೇಲೆ ಹಿತ್ತಲ ಬಾಗಿಲಲ್ಲಿ. ನಿದ್ದೆ ಸುತ್ತಿಟ್ಟ ಪರದೆಗಳ ಮೇಲೆ. ಮದುವೆಯ ಮಾತು ತೆಗೆದರೆ ಮಾಲಕರು, “ಆಳಿಗೆ ಎಂಥಾ ಲಗ್ನ?” ಅನ್ನುತ್ತಿದ್ದರು. ಒಮ್ಮೆ ಅನಗವಾಡಿಯಲ್ಲಿ ನಾಟಕವಿತ್ತೆಂದು ಪರದೆ ಕಟ್ಟಲು ಹೋದವನು ಮರುದಿನ ಬರಲಿಲ್ಲ. ಹೊಳೆಯ ದಂಡೆಯಲ್ಲಿ ಕುರಿಯವರು ಬೀಡು ಬಿಟ್ಟಿದ್ದರಂತೆ, ಅಲ್ಲಿ ಹೋಗಿ ಕೂತಿದ್ದ. ಮಾಲಕರು ಆಳು ಕಳಿಸಿ ಎಳೆದು ತರಿಸಿ, ಸ್ಟುಡಿಯೋದೊಳಗೆ ಹಾಕಿ ಹೊರಗಿನಿಂದ ಕೀಲಿ ಜಡಿದರು. ನಾನು ಕಿಟಕಿಯಿಂದ ರೊಟ್ಟಿ ಕೊಟ್ಟೆ.

“ನಿಮ್ಮಪ್ಪ ಸಿಕ್ಕನೇನೋ?” ಎಂದು ಕೇಳಿದೆ.

“ಇಲ್ರಿ ಅಣ್ಣಾರ. ಅವು ಬ್ಯಾರೆ ಕುರಿ,” ಅಂದ. ಅಷ್ಟು ಹೇಳಿ ರೊಟ್ಟಿ ತಿಂದು, ಕತ್ತಲಾಗುವ ಮುಂಚೆ ಅರ್ಧ ಉಳಿದಿದ್ದ ಅರಮನೆಯ ಕಂಬಗಳನ್ನು ಮುಗಿಸಿದ! ಕೀಲಿ ಹಾಕಿ ಕೂಡಿಹಾಕಿದವರ ಕೆಲಸವನ್ನು ಕೀಲಿಯೊಳಗೇ ಕೂತು ಮುಗಿಸುವವನಿಗೆ ನಾನು ಏನು ಬುದ್ಧಿ ಹೇಳಲಿ?

ಮಾಲಕರದು ಒಂದು ಮಾತಿತ್ತು. “ಹಚ್ಚೂದು ಬ್ಯಾರೆ, ಬರಿಯೂದು ಬ್ಯಾರೆ.” ಹುಡುಗ ಬಣ್ಣ ಹಚ್ಚುತ್ತಾನೆ, ಚಿತ್ರ ಬರೆಯುವವರು ತಾವು, ಎಂದು ಅದರ ಅರ್ಥ. ಮೊದಮೊದಲು ಅದು ನಿಜವೂ ಇದ್ದೀತು. ಆಮೇಲೆ ಆಕಾಶ ಇವನದು, ಗಿಡ ಇವನದು, ಸೀರೆಯ ನೆರಿಗೆ ಇವನದು, ಕಡೆಗೆ ಮುಖವೂ ಇವನದೇ. ಮಾಲಕರದು ಬಲಗಡೆಯ ಕೆಳಮೂಲೆಯಲ್ಲಿ ಬಾಲ ಬಿಟ್ಟ ಕೆಂಪು ರುಜು ಅಷ್ಟೇ. ಇಷ್ಟಾದರೂ ಇವನನ್ನು ಕೇಳಿದರೆ, “ನಾ ಬರೀ ಹಚ್ಚತೇನ್ರಿ,” ಎಂದೇ ಅನ್ನುತ್ತಿದ್ದ. ವಿನಯ ಅಂದುಕೊಳ್ಳಬೇಡಿ. ವಿನಯವಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಅದನ್ನು ಅವನು ನಂಬಿದ್ದ.

ಒಂದೇ ಒಂದು ವಿಷಯದಲ್ಲಿ ಮಾತ್ರ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಅದು ಕುರಿ. ಕಾಡಿನ ಪರದೆ ಬರೆದರೆ ದೂರದ ಮೂಲೆಯಲ್ಲಿ ಒಂದು ಹಿಂಡು ಕುರಿ, ಅದರ ಹಿಂದೆ ಕಂಬಳಿ ಹೊದ್ದ ಒಬ್ಬ ಮನುಷ್ಯ ಆಚೆಗೆ ಹೋಗುತ್ತಿರುವುದು ಇರಲೇಬೇಕು. ಅನಗವಾಡಿಯ ನಾಟಕದ ಮಂಡಳಿಯ ಹಿರಿಯರೊಬ್ಬರು ಪರದೆಯನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ವಾಪಸು ಬಂದು ಕೂಗಾಡಿದ್ದು ನನಗೆ ಇವತ್ತಿಗೂ ನೆನಪಿದೆ.

“ದಂಡಕಾರಣ್ಯದಾಗ ಕುರಿ ಎಲ್ಲಿಂದ ಬಂದುವ್ರಿ ಮಾಲಕರ? ಇತ್ತಾಗ ಸೀತಾ ಅಳಾಕತ್ತಾಳ, ಅತ್ತಾಗ ಮಂದಿ ಕುರಿ ಎಣಸಾಕತ್ತಾರ!”

ಮಾಲಕರು ಕುಂಚದ ಹಿಡಿಕೆಯಿಂದ ಹುಡುಗನ ಬೆರಳ ಗೆಣ್ಣಿಗೆ ಹೊಡೆದರು. ಅವನು ತಕರಾರಿಲ್ಲದೆ ಕುರಿಗಳ ಮೇಲೆ ಒಂದು ದೊಡ್ಡ ಆಲದ ಮರ ಹಚ್ಚಿದ. ಮುಂದಿನ ಪರದೆಯಲ್ಲಿ ಮತ್ತೆ ಕುರಿ. ಮತ್ತೆ ಪೆಟ್ಟು. ಮತ್ತೆ ಆಲದ ಮರ. ಹೀಗಾಗಿ ನಮ್ಮ ಸೀಮೆಯ ನಾಟಕದ ಕಾಡುಗಳಲ್ಲಿ ಆಲದ ಮರಕ್ಕೆ ಬರವೇ ಇರಲಿಲ್ಲ.

ಒಂದು ಸಲ ನನಗೆ ತಡೆಯಲಾಗಲಿಲ್ಲ. ಪರಿಚಯದ ಸರಕಾರಿ ಸಾಹೇಬರೊಬ್ಬರ ಕಿವಿಗೆ ಹಾಕಿದೆ. ಜೀತ ಇಟ್ಟುಕೊಂಡರೆ ಜೈಲು ಎಂದು ನನಗೂ ಗೊತ್ತಿತ್ತು, ಮಾಲಕರಿಗೂ ಗೊತ್ತಿತ್ತು. ಸಾಹೇಬರು ಒಳ್ಳೆಯವರು, ತಾವೇ ಬಂದರು. ಮಾಲಕರ ಮುಖ ಬಿಳಿಚಿಕೊಂಡಿತು. ಸಾಹೇಬರು ಹುಡುಗನನ್ನೇ ಕರೆದು ಕೇಳಿದರು.

“ಏನಪಾ, ಇಲ್ಲಿ ಜೀತಕ್ಕ ಇದ್ದೀಯೇನು?”

“ಇಲ್ರೀ ಸಾಹೇಬ್ರ. ನಾ ಇಲ್ಲೇ ಇರತೇನ್ರಿ.”

“ಪಗಾರ ಕೊಡತಾರೇನು?”

“ಊಟ ಭಾಳ ಛಲೋ ಇರತೈತ್ರಿ.”

“ಇಲ್ಲಿಂದ ಹೋಗಬೇಕಂದ್ರ ಹೋಗಾಕ ಬಿಡತಾರೇನು?”

ಅದಕ್ಕೆ ಅವನು, “ಹೋಗು ಅಂತ ಯಾರ ಅನಬೇಕ್ರಿ?” ಎಂದು ತಿರುಗಿ ಸಾಹೇಬರನ್ನೇ ಕೇಳಿದ. ಆಮೇಲೆ ಒಳಗೆ ಹೋಗಿ ಅವರಿಗೆ ಚಹಾ ತಂದ. ಸಾಹೇಬರು ಚಹಾ ಕುಡಿದು ಹೊರಟುಹೋದರು. ನಾನು ಹಣೆ ಹಣೆ ಬಡಿದುಕೊಂಡೆ.

ಸಂಜೆ ಏನೂ ಆಗಿಲ್ಲದವನ ಹಾಗೆ ನನ್ನ ಅಂಗಡಿಗೆ ಬಂದ. ಹಿಡಿದುಕೊಂಡು ಬೈದೆ.

“ಲೇ, ನಿನ್ನ ಸಲವಾಗಿ ಮಾಲಕರ ಕೂಡ ಕೆಟ್ಟಾಂವ ಆದೆ. ಖರೆ ಹೇಳಾಕ ಏನ್ ಧಾಡಿ ನಿನಗ?”

“ಖರೇನ ಹೇಳೀನ್ರಿ ಅಣ್ಣಾರ. ಭಂಡಾರ ಹಿಡದು ಮಾತಾಡಿದಾಂವ ನಮ್ಮಪ್ಪ. ನಾ ಅದನ್ನ ಮುರದ್ರ ಅದು ಅವನ ಮ್ಯಾಲ ಹೊಕ್ಕೈತ್ರಿ. ಎಲ್ಲಿ ಅದಾನೋ, ಹೆಂಗ ಅದಾನೋ ಏನೋ.”

ಬಿಟ್ಟುಹೋದ ಅಪ್ಪನಿಗೆ ಎಲ್ಲೋ ಕೇಡಾದೀತೆಂದು ಇವನು ಇಲ್ಲಿ ಸೊತ್ತಾಗಿ ಬಿದ್ದಿದ್ದಾನೆ! ನನಗೆ ಅಳು ಬಂತೋ ಸಿಟ್ಟು ಬಂತೋ ತಿಳಿಯಲಿಲ್ಲ. ಸಿಟ್ಟು ಅಂತಲೇ ಇಟ್ಟುಕೊಂಡೆ, ನನಗೆ ಅದರ ರೂಢಿ ಇದೆ.

ಮಾಲಕರಿಗೆ ವಯಸ್ಸಾಯಿತು. ಕೈ ನಡುಗಲು ಹತ್ತಿತು. ರುಜುವಿನ ಬಾಲ ಕೂಡ ಸೊಟ್ಟಗಾಯಿತು. ಆ ದಿನಗಳಲ್ಲಿ ಬಾಡಗಂಡಿಯ ಜಮೀನುದಾರರೊಬ್ಬರು ತಮ್ಮ ತಾಯಿಯ ಚಿತ್ರ ಒಯ್ಯಲು ನಾಲ್ಕು ಮಂದಿಯನ್ನು ಕಟ್ಟಿಕೊಂಡು ಬಂದರು. ಕಟ್ಟು ಹಾಕುವ ಮುಂಚೆ ಒಮ್ಮೆ ನೋಡಲಿ ಎಂದು ನಾನೂ ಅಲ್ಲಿದ್ದೆ. ಅವರು ಬಹಳ ಹೊತ್ತು ನೋಡಿದರು. ಕಣ್ಣು ಒರೆಸಿಕೊಂಡರು.

“ಅವ್ವ ಎದ್ದು ಕುಂತಂಗ ಆಗೈತ್ರಿ ಮಾಲಕರ. ಒಂದ ಕಡಿಮಿ ಬಿದ್ದೈತಿ. ಗದ್ದದ ಮ್ಯಾಲ ಒಂದು ಮಚ್ಚಿ ಇತ್ತು. ನಿಮ್ಮ ಕೈಯಾರೆ ನನ್ನ ಕಣ್ಣ ಮುಂದ ಇಟ್ಟು ಕೊಡ್ರಿ.”

ಮಾಲಕರು ಕಿವಿಯ ಸಂದಿಯಿಂದ ಕುಂಚ ತೆಗೆದರು. ಕುಂಚದ ತುದಿ ಗಾಳಿಗೆ ಸಿಕ್ಕ ಎಲೆಯ ಹಾಗೆ ಅದುರುತ್ತಿತ್ತು. ಎಲ್ಲರೂ ನೋಡುತ್ತ ನಿಂತರು. ನನಗೆ ಒಳಗೊಳಗೇ ಖುಷಿ. ಬೀಳಲಿ, ಇವತ್ತು ಬಣ್ಣ ಸುರಿಯಲಿ, ಯಾರು ಬರೆಯುತ್ತಾರೆ ಎಂದು ಲೋಕಕ್ಕೆ ತಿಳಿಯಲಿ! ಅಷ್ಟರಲ್ಲಿ ಹುಡುಗ ಬಣ್ಣದ ತಟ್ಟೆ ಹಿಡಿದು ಮಾಲಕರ ಪಕ್ಕಕ್ಕೆ ಬಂದ. “ಬೆಳಕ ಈ ಕಡೆ ಐತ್ರಿ,” ಎಂದು ಅವರ ಮೊಣಕೈಯನ್ನು ಕೆಳಗಿನಿಂದ ಹಿಡಿದ. ನೋಡಿದವರಿಗೆ ಆಳು ಮಾಲಕರಿಗೆ ಆಸರೆ ಕೊಟ್ಟ ಹಾಗೆ ಕಂಡಿತು. ನನಗೆ ಕಂಡದ್ದು ಬೇರೆ. ಕೈ ಮಾಲಕರದು, ಓಡಿಸಿದವನು ಇವನು. ಮಚ್ಚೆ ಕೂತ ಜಾಗ ನೋಡಿ ಆ ಜಮೀನುದಾರರು ಅಳುತ್ತ ಮಾಲಕರ ಕಾಲಿಗೆ ಬಿದ್ದರು.

ಹೊರಗೆ ಬಂದ ಮೇಲೆ ಅವನ ಅಂಗಿ ಹಿಡಿದೆ. “ಬಿಡಬೇಕಿತ್ತಲ್ಲಲೇ! ಬಣ್ಣ ಸುರದಿದ್ರ ಎಲ್ಲಾರಿಗೂ ಗೊತ್ತಾಕ್ಕಿತ್ತು!”

“ಆ ತಾಯಿ ಮಾರಿ ಕೆಡತಿತ್ತಲ್ರಿ,” ಅಂದ.

ಅವನು ಕೈ ಹಿಡಿದದ್ದು ಮಾಲಕರ ಮಾನ ಕಾಯಲು ಅಲ್ಲ. ಚಿತ್ರದ ಮುಖ ಕೆಡಬಾರದು ಎಂದು. ಅಂಥವನಿಗೆ ಏನೆಂದು ಬೈಯುವುದು? ಆದರೂ ಬೈದೆ.

ಮಾಲಕರು ತೀರಿಹೋದರು. ಮಗ ಸ್ಟುಡಿಯೋದಲ್ಲಿ ಫ್ಲೆಕ್ಸ್ ಮಶೀನು ತಂದು ಇಟ್ಟ. ಅರಮನೆ, ಬೀದಿ, ಕಾಡಿನ ಪರದೆಗಳನ್ನೆಲ್ಲ ರಬಕವಿಯ ನೇಕಾರರು ಮಳೆಗಾಲದಲ್ಲಿ ಸೋರುವ ಮಗ್ಗದ ಮನೆಗಳ ಮೇಲೆ ಹಾಸಲು ಒಯ್ದರು. ಇನ್ನಾದರೂ ಹುಡುಗನಿಗೆ ಬಿಡುಗಡೆ ಅಂದುಕೊಂಡರೆ, ಆ ಮಗ ಏನಂದ ಗೊತ್ತೇ?

“ಅಪ್ಪನ ಹಿಂದ ಮನಿ, ಅಂಗಡಿ, ಹುಡುಗ ಎಲ್ಲಾ ನನಗ ಬಂದಾವು.”

ಚಿತ್ರ ಬರೆಯುವ ಕೈಗೆ ಸುತ್ತಿಗೆ, ದಾರ ಕೊಟ್ಟು ಕಂಬ ಹತ್ತಿಸಿದ. ರಾಜಕೀಯದವರ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟುವುದು ಇವನ ಕೆಲಸವಾಯಿತು. ಅರವತ್ತು ದಾಟಿದ ಮನುಷ್ಯ! ಒಂದು ದಿನ ಕಂಬದಿಂದ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಬಾತುಕೊಂಡಿತು. ಅದನ್ನು ನೋಡಿದ್ದೇ ನಾನು ಕಾಲಲ್ಲಿ ಚಪ್ಪಲಿ ಇದ್ದದ್ದೂ ನೆನಪಿಲ್ಲದೆ ಸೀದಾ ವೈನಿಯವರ ಕೋಣೆಗೆ ನುಗ್ಗಿದೆ.

ವೈನಿ ಆಗಲೇ ಬಹಳ ಹಣ್ಣಾಗಿದ್ದರು. ದೇವರ ಜಗಲಿಯ ಮುಂದೆ ಕೂತು ಬತ್ತಿ ಹೊಸೆಯುತ್ತಿದ್ದರು.

“ವೈನಿ, ಇದು ನ್ಯಾಯ ಏನ್ರಿ? ಅವರಪ್ಪ ಭಂಡಾರ ಕೊಟ್ಟದ್ದು ಮಾಲಕರ ಕೈಯಾಗ. ಮಾಲಕರ ಹೋದ್ರು. ಇನ್ನಾದ್ರೂ ಇವನ್ನ ಬಿಡಬಾರದೇನ್ರಿ?”

ಅವರು ಬತ್ತಿಯಿಂದ ಕಣ್ಣು ಎತ್ತಲಿಲ್ಲ. “ಅವರ ಕೈಯಾಗ ಎಲ್ಲಿ ಕೊಟ್ಟಾನಪಾ? ನನ್ನ ಉಡಿಯಾಗ ಹಾಕಿದ.”

“ಅಂದ್ರ, ಮಾಲಕರು?” ಎಂದೆ.

“ಅವರು ಅವತ್ತ ಬನಹಟ್ಟಿಗೆ ಹೋಗಿದ್ರು. ಮನ್ಯಾಗ ಇದ್ದಾಕಿ ನಾ. ಕೂಸಿನ್ನ ಉಳಿಸಿದಾಕಿ ನಾ. ಅವರಪ್ಪ ಬಾಗಲದಾಗ ನಿಂತು, ಉಡಿ ಒಡ್ಡ ತಂಗಿ ಅಂದ, ಒಡ್ಡಿದೆ. ಇವರು ಸಂಜಿಕ ಬಂದು ಕೇಳಿದ್ರು, ಮರದಿವಸದಿಂದ ತಾವ ಇಸಗೊಂಡವರಂಗ ಊರತುಂಬ ಹೇಳಕೋಂತ ಹ್ವಾದ್ರು.”

“ಮತ್ತ ಇಷ್ಟ ವರ್ಷ ಯಾಕ ಸುಮ್ಮನಿದ್ರಿ?”

“ಯಾರ ಕೇಳಿದ್ರಿ ನನ್ನ?”

ಅಯ್ಯ ಶಿವನೇ! ಖರೆ. ಊರಿನ ಹಿರಿಯರು ಮಾಲಕರನ್ನು ಕೇಳಿದ್ದರು. ಸಾಹೇಬರು ಹುಡುಗನನ್ನು ಕೇಳಿದ್ದರು. ಮನೆಯ ಯಜಮಾನ ಇರುವಾಗ ಭಂಡಾರ ಹೆಂಗಸಿನ ಉಡಿಗೆ ಬಿದ್ದಿರಬಹುದು ಎಂದು ನಮ್ಮಲ್ಲಿ ಒಬ್ಬ ಗಂಡಸಿಗೂ ಹೊಳೆದಿರಲಿಲ್ಲ. ಒಂದು ಜೀವ ಅಷ್ಟು ವರ್ಷ ಹಿತ್ತಲಲ್ಲಿ ಉಂಡದ್ದು ಇಂಥ ದಡ್ಡತನಕ್ಕೆ.

ವೈನಿ ಬತ್ತಿ ಕೆಳಗಿಟ್ಟರು. “ಕೇಳಿದ್ರೂ ಕೊಡತಿದ್ದಿಲ್ಲ ಬಿಡು. ಬಿಟ್ರ ಹೋಗಿಬಿಡತಾನಂತ ಅಂಜಿಕಿ. ಕುರಿ ಕಾಯೋರ ಕೂಸ ಅದು, ಒಮ್ಮೆ ಹೋದ್ರ ತಿರುಗಿ ಬರೂದಿಲ್ಲ,” ಅಂದರು. ಅವರ ಮೇಲೂ ನನಗೆ ಸಿಟ್ಟು ಬಂತು. ಅವರು ಅಳುತ್ತಿದ್ದರು, ಅದಕ್ಕೆ ಬೈಯದೆ ಬಂದೆ.

ಮರುದಿನ ಬೆಳಿಗ್ಗೆ ನನ್ನನ್ನೂ ಕರೆಸಿದರು, ಮಗನನ್ನೂ ಕೂರಿಸಿದರು. ಜಗಲಿಯ ಮೇಲಿನಿಂದ ಒಂದು ಹಳೆಯ ಬಟ್ಟೆಯ ಗಂಟು ತೆಗೆದು ಬಿಚ್ಚಿದರು. ಭಂಡಾರದ ಬಣ್ಣ ಮಾಸಿತ್ತು.

“ಕೈ ಒಡ್ಡು,” ಅಂದರು. ಹುಡುಗ ಬಾತುಕೊಂಡ ಕೈಯನ್ನೂ ಸೇರಿಸಿ ಒಡ್ಡಿದ. ಹಣೆಗೆ ಹಚ್ಚಿ, ಉಳಿದದ್ದನ್ನೆಲ್ಲ ಅವನ ಬೊಗಸೆಗೆ ಸುರಿದರು. “ನಿಮ್ಮಪ್ಪನ ಮಾತು ತಿರುಗಿ ಕೊಟ್ಟೇನಿ. ಅವನ ಮ್ಯಾಲೂ ಏನಿಲ್ಲ, ನಿನ್ನ ಮ್ಯಾಲೂ ಏನಿಲ್ಲ. ಇನ್ನ ನೀ ನಮ್ಮಂವ ಅಲ್ಲ. ಹೋಗು.”

ಹೋಗು ಎಂದು ಯಾರು ಅನ್ನಬೇಕೋ ಅವರು ಅಂದಿದ್ದರು. ಮಗ ಏನೋ ಹೇಳಲು ಹೋದ, ವೈನಿ ಒಂದು ಸಲ ನೋಡಿದರು, ಸುಮ್ಮನಾದ. ನಾನು ಕಾಯುತ್ತಿದ್ದೆ. ಇವನು ಕುಣಿಯುತ್ತಾನೋ, ಅಳುತ್ತಾನೋ, ಹೊರಗೆ ಓಡುತ್ತಾನೋ ಎಂದು. ಅವನು ಬೊಗಸೆಯನ್ನು ನೋಡಿದ. ಆಮೇಲೆ ಕೇಳಿದ:

“ಹಂಗಂದ್ರ ಅವ್ವಾರ, ಸಂಜಿಕ ಊಟಕ್ಕ ಬರಬ್ಯಾಡೇನ್ರಿ?”

ನಾನು ಅಲ್ಲೇ ಗೋಡೆಗೆ ತಲೆ ಆನಿಸಿ ನಿಂತುಬಿಟ್ಟೆ. ವೈನಿ ಮಾತ್ರ ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದರು, “ಬಾ. ಹಿತ್ತಲ ಬಾಗಲದಿಂದ ಬಂದ್ರ ಹಾಕಂಗಿಲ್ಲ ನೋಡು. ಮುಂದಿನ ಬಾಗಲದಿಂದ ಬಾ.”

ವೈನಿ ಇರುವ ತನಕ ಹಾಗೇ ಮುಂದಿನ ಬಾಗಿಲಿನಿಂದ ಹೋಗಿ ಉಂಡು ಬಂದ.

ಸ್ವತಂತ್ರನಾದ ಮೇಲೆ ಸರಿಹೋದನೇ? ಎಲ್ಲಿಯ ಮಾತು! ಮೊದಲು ಬೇರೆಯವರಿಗಾಗಿ ನನ್ನ ಜೀವ ತಿನ್ನುತ್ತಿದ್ದ, ಆಮೇಲೆ ತನಗಾಗಿಯೇ ತಿನ್ನಲು ಹತ್ತಿದ. ನನ್ನ ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಜಾಗ ಕೊಟ್ಟೆ. ಗಿರಾಕಿಗಳು ಬಂದರು, ಬರದೆ ಏನು, ಕೈ ಯಾರದೆಂದು ಒಳಗೊಳಗೆ ಎಲ್ಲರಿಗೂ ಗೊತ್ತಿತ್ತು. ಹೇಳಿದ ದಿನಕ್ಕೆ ಒಂದು ಚಿತ್ರವನ್ನೂ ಕೊಡಲಿಲ್ಲ. ಮುಧೋಳದ ಒಬ್ಬ ದೊಡ್ಡ ಸಾಹುಕಾರರು ತಮ್ಮ ಅಜ್ಜನ ಮುಖದಲ್ಲಿ ಇನ್ನಷ್ಟು ಗತ್ತು ಬರಲಿ ಅಂದರೆ, “ಫೋಟೋದಾಗಿನ ಅಜ್ಜಗ ಗತ್ತಿಲ್ರಿ, ಹಸಿವಿ ಐತಿ,” ಎಂದು ಹೇಳಿ ಕಳಿಸಿದ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರಿನವರು ಟ್ರೇಲರಿನ ಹಿಂದೆ ಎತ್ತು, ದೇವರು, ಹುಲಿ ಬರೆಸಿಕೊಳ್ಳಲು ಸಾಲು ನಿಂತರು. ಬಾಡಗಂಡಿಯ ಕಾರಖಾನೆಯ ಮುಂದೆ ನಿಂತ ಗಾಡಿಗಳಲ್ಲಿ ಇವನು ಬರೆದ ಹುಲಿಯ ಹಿಂದೆಯೂ ದೂರದಲ್ಲಿ ಕುರಿ! ಈ ಸಲ ಆಲದ ಮರ ಹಚ್ಚು ಅನ್ನುವವರು ಇರಲಿಲ್ಲ.

ನನ್ನ ದೊಡ್ಡ ಜಗಳ ರುಜುವಿನದು. ಎಷ್ಟೇ ಚೆಂದದ ಚಿತ್ರವಾದರೂ ಬಲಗಡೆಯ ಕೆಳಮೂಲೆಯನ್ನು ಖಾಲಿ ಬಿಡುತ್ತಿದ್ದ. ಅಂಗಡಿಗಳ ಬೋರ್ಡಿನ ಮೇಲೆ ಊರವರ ಹೆಸರನ್ನೆಲ್ಲ ಬರೆದವನಿಗೆ ತನ್ನ ಹೆಸರು ಬರೆಯಲು ಏನು ರೋಗ?

“ಹೆಸರ ಹಾಕೋ ಪುಣ್ಯಾತ್ಮಾ. ನಾಳೆ ಸತ್ತಿ ಅಂದ್ರ ಇದನ್ನ ಬರದಾಂವ ಯಾರಂತ ಯಾರಿಗೆ ಗೊತ್ತು?”

“ಇದು ಅವರ ಅಜ್ಜನ ಚಿತ್ರರಿ, ಅವರು ಹೇಳಿದಂಗ ಹಚ್ಚೇನಿ. ನಾ ಬರದಾಗ ಹೆಸರ ಹಾಕತೇನ್ರಿ ಅಣ್ಣಾರ.”

ಗೋಡೆಯ ಮುಂದೆ ಕೂತು ಮಾತಾಡಿದ್ದರೆ ಗೋಡೆಗಾದರೂ ನಾಚಿಕೆ ಬರುತ್ತಿತ್ತು.

ಹೋದ ದೀಪಾವಳಿಯ ಆಸುಪಾಸು ಒಂದು ಚಿತ್ರ ತಂದು ನನ್ನ ಮೇಜಿಗೆ ಆನಿಸಿ ಇಟ್ಟ. ಯಾರೂ ಬರೆಸಿದ್ದಲ್ಲ. ಕಪ್ಪು ಹೊಲ, ಸಂಜೆಯ ಧೂಳು, ಧೂಳಿನಲ್ಲಿ ಕುರಿ, ಅವುಗಳ ಹಿಂದೆ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಹೋಗುತ್ತಿರುವ ಮನುಷ್ಯ. ಪರದೆಗಳ ಮೂಲೆಯಲ್ಲಿ ಹೆಬ್ಬೆರಳಿನಷ್ಟು ಇದ್ದವನು ಇಲ್ಲಿ ಚಿತ್ರದ ತುಂಬ ನಿಂತಿದ್ದ. ಕಂಬಳಿಯ ಒಂದೊಂದು ಎಳೆ ಕಾಣುತ್ತಿತ್ತು. ನಾನು ಎಷ್ಟೋ ಚಿತ್ರಗಳಿಗೆ ಕಟ್ಟು ಹಾಕಿದ್ದೇನೆ, ಅಂಥದ್ದನ್ನು ಕಂಡಿಲ್ಲ. ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ.

“ಯಾರೋ ಇಂವ?”

“ನಮ್ಮಪ್ಪ ರೀ.”

“ಹಿರ್ಯಾರ ಚಿತ್ರ ಅಂದ್ರ ಮಾರಿ ಇರಬೇಕಲೇ! ಗ್ವಾಡಿಗೆ ಹಾಕಿ ಪೂಜಿ ಮಾಡೋರು ಬೆನ್ನಿಗೆ ಮಾಡೂದೇನು? ಮಾರಿ ಎಲ್ಲಿ?”

“ಮಾರಿ ನೆನಪಿಲ್ರಿ ಅಣ್ಣಾರ. ಹೋಗೋದನ್ನಷ್ಟ ನೋಡೇನಿ,” ಅಂದ.

ಆಗ ನನಗೆ ಆ ಎಲ್ಲ ಕಾಡುಗಳ ಕುರಿ ತಿಳಿದವು. ಬೆರಳಿಗೆ ಪೆಟ್ಟು ತಿಂದು ತಿಂದು, ಆಲದ ಮರಗಳ ಕೆಳಗೆ ಅವನು ಹುಗಿದಿಟ್ಟದ್ದು ಇದನ್ನೇ. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ಸಾಗವಾನಿ ಪಟ್ಟಿ ತೆಗೆದು ಅಳತೆ ಮಾಡಲು ಕೂತೆ.

ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಶೆಡ್ಡಿನಲ್ಲೇ ಹೋಗಿಬಿಟ್ಟ. ಯಾರಿಗೂ ಹೇಳಲಿಲ್ಲ, ಕೇಳಲಿಲ್ಲ. ಆಮೇಲೆ ಬಂದದ್ದು ಈ ಫ್ಲೆಕ್ಸು, ಈ ಜಗ್ಗು, ಈ ಸೇವಕ. ಬಿಚ್ಚು ಅಂದರೆ, “ಇರ್ಲಿ ಬಿಡ್ರಿ ಕಾಕಾ, ಗಾಳಿಗೆ ತಾನ ಹರಿತೈತಿ,” ಅನ್ನುತ್ತಾನೆ ಆ ಮಗ. ಹರಿಯಲಿ. ನಾನು ಅದರ ನೇರಕ್ಕೆ, ನನ್ನ ಅಂಗಡಿಯ ಮುಂಬಾಗಿಲಿಗೆ, ಆ ಚಿತ್ರವನ್ನು ತೂಗುಹಾಕಿದ್ದೇನೆ. ಕಬ್ಬಿನ ಗಾಡಿಯವರು ಗಾಡಿ ನಿಲ್ಲಿಸಿ ನೋಡುತ್ತಾರೆ. ಮೂಲೆಯಲ್ಲಿರುವ ಹೆಸರನ್ನು ಗಟ್ಟಿಯಾಗಿ ಓದುತ್ತಾರೆ.

ಹೌದು, ಹೆಸರು ಹಾಕಿದ್ದಾನೆ. ಜನ್ಮದಲ್ಲಿ ಒಂದೇ ಚಿತ್ರಕ್ಕೆ ಹಾಕಿದ್ದಾನೆ. ಅವನು ಅಷ್ಟು ತಡೆದು ಒಂದೇ ಕಡೆ ಬರೆದದ್ದನ್ನು ನಾನು ಇಲ್ಲಿ ಪುಕ್ಕಟೆ ಬರೆದುಕೊಡುವುದಿಲ್ಲ. ಬೇಕಾದವರು ಜಮಖಂಡಿಗೆ ಬಂದು ನೋಡಿ ಓದಿಕೊಳ್ಳಲಿ. ಕಣ್ಣು ಮಂದ ಇದ್ದರೂ ತೊಂದರೆ ಇಲ್ಲ. ಅಷ್ಟು ದೊಡ್ಡ ಅಕ್ಷರ ಬರೆದಿದ್ದಾನೆ ಮಹಾರಾಯ, ಅರ್ಧ ಹೊಲವನ್ನೇ ನುಂಗಿದೆ. ನಾನು ಕಟ್ಟು ಹಾಕಿದರೆ ಅಕ್ಷರ ಮುಚ್ಚುತ್ತದೆಂದು ಪಟ್ಟಿಯನ್ನು ಮತ್ತೆ ಕೊಯ್ಯಬೇಕಾಯಿತು. ಅವತ್ತು ಅದಕ್ಕೂ ಜಗಳ ತೆಗೆದಿದ್ದೆ.

“ಇಷ್ಟ ದೊಡ್ಡ ಅಕ್ಷರದಾಗ ಯಾರರ ಹೆಸರ ಹಾಕತಾರೇನೋ? ಚಿತ್ರ ಕೆಟ್ಟಿತಲ್ಲ!”

“ದೂರಿಂದ ಕಾಣಬೇಕಲ್ರಿ.”

“ಯಾರಿಗೆ ಕಾಣಬೇಕು?”

ಅವನು ಕಂಬಳಿಯವನ ಕಡೆ ಬೆರಳು ಮಾಡಿದ.

“ಅಂವ ಬೆನ್ನ ಮಾಡಿ ಹೊಂಟಾನಲೇ! ಅವಗ ಹೆಂಗ ಕಾಣತೈತಿ?”

“ಒಮ್ಮೆ ತಿರುಗಿ ನೋಡಿದ್ರ ಅಂತ, ಅಣ್ಣಾರ.”